ಮುಂದೆ ನಡೆಯುವವಳು

ಭದ್ರಾವತಿ
೧೪ ಮಾರ್ಚ್ ೨೦೨೫

ಅರ್ಷಿಯಾಳ ಅಬ್ಬಾ ಅವರಿಗೆ, ನಿಮ್ಮ ಆಯೆಷಾಳ ಸಲಾಂ.

ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ನೀವು ಎಲ್ಲಿದ್ದೀರಿ ಎಂದೇ ಗೊತ್ತಿರಲಿಲ್ಲ, ಫೋನ್ ನಂಬರ್ ಬೇರೆ ಬದಲಾಯಿಸಿದ್ದೀರಿ. ಮೊನ್ನೆ ನಿಮ್ಮ ಜೊತೆ ಲಾರಿ ಓಡಿಸುತ್ತಿದ್ದ ಮನೋಹರ ಬಂದು, "ಹುಬ್ಬಳ್ಳಿಯಲ್ಲಿ ನಿನ್ನ ಗಂಡ ಜಾಕಿರ್ ಸಿಕ್ಕಿದ್ದ, ತುಂಬಾ ಇಳಿದುಹೋಗಿದ್ದಾನೆ" ಎಂದರು. ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಅವರು ಬೇರೆಯವರ ಪತ್ರ ಓದುವವರಲ್ಲ, ಆದರೂ ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ್ದೇನೆ. ನನಗೆ ಉರ್ದು ಬರೆಯಲು ಬಾರದು ಎಂದು ನಗುತ್ತಿದ್ದಿರಲ್ಲ, ಈಗಲೂ ಕನ್ನಡವೇ. ನಗುವುದಾದರೆ ನಗಿ.

ನಿಮ್ಮ ಅಮ್ಮಿಯ ಮಂಡಿನೋವು ಹಾಗೇ ಇದೆ. ಅರ್ಷಿಯಾ ಈ ಸಲ ರಂಜಾನಿನಲ್ಲಿ ಹಟ ಮಾಡಿ ರೋಜಾ ಇಡುತ್ತಿದ್ದಾಳೆ, ಉಪವಾಸಕ್ಕೆ ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿರುತ್ತದೆ.

"ನನಗೆ ಎಚ್‌ಐವಿ ಇದೆ, ನನ್ನಿಂದ ನಿಮಗೆ ಅಂಟುವುದು ಬೇಡ" ಎಂದು ಆ ದಿನ ಬಾಗಿಲಲ್ಲೇ ಹೇಳಿ ಹೊರಟುಬಿಟ್ಟಿರಿ. ಮಾತ್ರೆಯ ಡಬ್ಬಿ ಅಲ್ಮೇರಾದಲ್ಲೇ ಉಳಿದಿತ್ತು, ಅರ್ಧವೂ ಮುಗಿದಿರಲಿಲ್ಲ. ಅದನ್ನು ಹಿಡಿದುಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ಆಸ್ಪತ್ರೆಯ ಸಿಸ್ಟರ್ ಜಗದಾಂಬಾ ಮೊದಲು ನನ್ನ ರಕ್ತ ಪರೀಕ್ಷೆ ಮಾಡಿಸಿದರು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರು. ನನಗೇನೂ ಇಲ್ಲ. ನೀವು ಹೆದರಿ ಓಡಿದ್ದು ಇದಕ್ಕೇ ಅಲ್ಲವೇ? ಈ ಮಾತ್ರೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆ ಸಿಗುತ್ತದಂತೆ. ತಪ್ಪದೆ ನುಂಗಿ, ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಹೆಂಡತಿಗೂ ಹರಡುವುದಿಲ್ಲ ಎಂದು ಸಿಸ್ಟರ್ ಹೇಳಿದರು. ಕೇಳಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಹೊರಗೆ ಬಂದರೆ ಗೇಟಿನ ಹತ್ತಿರ ನಮ್ಮೂರಿನ ಕರಿಯಮ್ಮ ಒಳಗೆ ಹೋಗಲಾರದೆ ನಿಂತಿದ್ದರು. ಭದ್ರಾವತಿಯಲ್ಲೂ ಮಾತ್ರೆ ಕೊಡುತ್ತಾರೆ. ಆದರೆ ಗುರುತಿನವರ ಕಣ್ಣಿಗೆ ಬೀಳಬಾರದೆಂದು ನಮ್ಮವರು ಶಿವಮೊಗ್ಗಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ನಡುದಾರಿಯ ಮಾಚೇನಹಳ್ಳಿಯ ಹತ್ತಿರ ಎರಡು ಬಸ್ಸು ಎದುರಾದರೆ ನನಗೆ ಈಗಲೂ ನಗು ಬರುತ್ತದೆ.

"ನನ್ ಫೈಲು ನೀನು ಹಿಡ್ಕೊಳ್ತೀಯೇನಮ್ಮ?" ಎಂದರು ಕರಿಯಮ್ಮ. "ನೋಡಿದೋರು ನಾನೇ ನಿನ್ ಜೊತೆ ಬಂದೋಳು ಅಂದ್ಕೊಳ್ಳಲಿ."

ಹಿಡಿದುಕೊಂಡೆ. ಆಮೇಲೆ ಅದೇ ನನ್ನ ಕೆಲಸವಾಯಿತು. ಹೊಸಬರು ಹೆದರಿದರೆ ಸಿಸ್ಟರ್ ನನ್ನನ್ನು ಕರೆಯುತ್ತಾರೆ. ಫೈಲ್ ಹಿಡಿದು ಮುಂದೆ ನಾನು, ಹಿಂದೆ ಅವರು. ಬಸ್ಸಿನಲ್ಲಿ ಸದ್ದಾಗದಿರಲಿ ಎಂದು ಮಾತ್ರೆಯ ಡಬ್ಬಿಯೊಳಗೆ ಹತ್ತಿ ತುರುಕಿ ಕೊಡುತ್ತೇನೆ. ಕಾಯಿಲೆ ನನಗೇ ಎಂದು ಬೀದಿಯಲ್ಲೆಲ್ಲ ಮಾತು. ಪಕ್ಕದ ಮನೆಗೆ ಕಳಿಸಿದ ಸಮೋಸ ತಿರುಗಿ ಬಂತು. ಅಮ್ಮಿಗೆ ಸಿಟ್ಟು, ನಾನು ತಲೆ ಕೆಡಿಸಿಕೊಂಡಿಲ್ಲ.

ಎಷ್ಟೋ ಜನರ ಮುಂದೆ ನಡೆದೆ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ, ಅದು ನಿಮ್ಮದಾಗಿರಬಾರದೇ ಅನ್ನಿಸುತ್ತದೆ.

ಮಾತ್ರೆ ಬಿಟ್ಟೇ ಹೀಗೆ ಇಳಿದಿದ್ದೀರಿ ಎಂದು ನನಗೆ ಭಯ. ತಡ ಮಾಡಬೇಡಿ. ಹುಬ್ಬಳ್ಳಿಯಲ್ಲಾದರೂ ಸರಿ, ಆಸ್ಪತ್ರೆಗೆ ಹೋಗಿ. ಒಳಗೆ ಹೋಗಲು ಕಾಲೇ ಬರದಿದ್ದರೆ ಮನೋಹರ ಅವರ ಫೋನಿನಿಂದ ಒಂದು ಮಾತು ಹೇಳಿ, ನಾನೇ ಬರುತ್ತೇನೆ. ಫೈಲ್ ನಾನು ಹಿಡಿಯುತ್ತೇನೆ.

ಅಮ್ಮಿ ಐದು ಹೊತ್ತೂ ನಿಮ್ಮ ಹೆಸರಿನಲ್ಲಿ ದುವಾ ಮಾಡುತ್ತಾರೆ. ಅಲ್ಲಾಹ್ ನಿಮ್ಮನ್ನು ಆರೋಗ್ಯವಾಗಿ ಮನೆ ಮುಟ್ಟಿಸಲಿ.

ನಿಮ್ಮ
ಆಯೆಷಾ

ಮತ್ತೊಂದು ಮಾತು. ಹೋಗುವ ಮುಂಚೆ ನೀವು ಹಲ್ಲುನೋವಿನ ನೆಪ ಹೇಳಿ, ನಾವೆಲ್ಲ ಒಟ್ಟಿಗೆ ಉಣ್ಣುವ ದೊಡ್ಡ ತಟ್ಟೆ ಬಿಟ್ಟು ಬೇರೆ ತಟ್ಟೆ ಹಿಡಿದಿದ್ದಿರಿ. ಹೋಗುವಾಗ ಆ ಬೇರೆ ತಟ್ಟೆಯನ್ನೂ ಒಯ್ದಿರಿ. ನಿನ್ನೆ ಇಫ್ತಾರ್ ಮುಗಿಸಿ ಊಟಕ್ಕೆ ಕೂತಾಗ ಅರ್ಷಿಯಾ ದೊಡ್ಡ ತಟ್ಟೆಯಲ್ಲಿ ನೀವು ಕೂರುತ್ತಿದ್ದ ಕಡೆಯ ಅನ್ನ ಮುಟ್ಟದೆ ಕೇಳಿದಳು: "ಅಬ್ಬಾಗೆ ನಮ್ ಎಂಜಲು ಅಸಹ್ಯ ಆಗಿತ್ತಾ? ಅದಕ್ಕೇ ಹೋದ್ರಾ?" ಬಂದು, ನಮ್ಮ ಆ ದೊಡ್ಡ ತಟ್ಟೆಗೆ ಕೈ ಹಾಕಿ, ಅವಳಿಗೆ ನೀವೇ ಹೇಳಿ.