ಎತ್ತಿದ ಹೆಬ್ಬೆರಳು

ತೋಕೊರೋವಾ
ಜುಲೈ 9, 2019, ಮಂಗಳವಾರ

ಪ್ರೀತಿಯ ಮೊಮ್ಮಗಳು ಅಕಾಯ್ತಿಗೆ,

ಕಿಯಾ ಒರಾನಾ. ಮೈಯಲ್ಲಿ ಹುಷಾರಾಗಿದ್ದೀಯಾ? ಕೋಳಿ ಕಾರ್ಖಾನೆಯ ತಣ್ಣನೆ ಕೋಣೆಯಲ್ಲಿ ನಿಂತು ನಿಂತು ಬೆರಳು ಮರಗಟ್ಟುತ್ತವೆ ಎಂದು ಮಿಮೌ ಅತ್ತೆಗೆ ಬರೆದಿದ್ದೆಯಂತೆ. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿಕೊ. ನಿನ್ನ ಅಜ್ಜಿ ಮೆತೂವಾ ಬದುಕಿದ್ದರೆ ಇದನ್ನೇ ಹೇಳುತ್ತಿದ್ದಳು, ನನಗಿಂತ ಹತ್ತು ಪಟ್ಟು ದೊಡ್ಡ ದನಿಯಲ್ಲಿ. ಇಲ್ಲಿ ಬೆಳಗ್ಗೆ ಹುಲ್ಲಿನ ಮೇಲೆಲ್ಲ ಮಂಜು ಗಟ್ಟಿಕಟ್ಟಿರುತ್ತದೆ. ನನ್ನ ಎಡ ಮಂಡಿ ಏಳುವಾಗ ಒಮ್ಮೆ, ಕೂರುವಾಗ ಒಮ್ಮೆ ಬೈಯುತ್ತದೆ. ಮಿಮೌ ಭಾನುವಾರ ತಪ್ಪದೆ ಕೆಸುವಿನೆಲೆ ತೆಂಗಿನಹಾಲಿನಲ್ಲಿ ಬೇಯಿಸುತ್ತಾಳೆ, ನಿನ್ನ ಪಾಲನ್ನೂ ತಾನೇ ತಿನ್ನುತ್ತಾಳೆ, ಆಮೇಲೆ ಉಡುಪು ಬಿಗಿಯಾಯಿತು ಎಂದು ನನ್ನ ಮೇಲೆ ರೇಗುತ್ತಾಳೆ. ಪಿವಕವಕ ಹಕ್ಕಿಗಳು ಎಂದಿನಂತೆ ಬಾಲ ಬೀಸುತ್ತಾ ಹಿತ್ತಲಿನಲ್ಲಿ ನನ್ನ ಹಿಂದೆಯೇ ಬರುತ್ತವೆ. ಆದರೆ ಯಾಕೋ ಮೂಕವಾಗಿವೆ.

ಫೋನ್ ಇರುವಾಗ ಅಜ್ಜ ಕಾಗದ ಯಾಕೆ ಬರೆಯುತ್ತಾನೆ ಎಂದು ನೀನು ಅಂದುಕೊಳ್ಳಬಹುದು. ಹೊಸ ವರ್ಷಕ್ಕೆ ಒಮ್ಮೆ ನೀನು ಫೋನ್ ಮಾಡಿದೆ, ಈಸ್ಟರಿಗೆ ಒಮ್ಮೆ. ಈಸ್ಟರಿನ ದಿನ ನೀನು ತುಂಬ ಹೊತ್ತು ಮಾತಾಡಿದೆ. ಎರಡು ಸಲವೂ ನಾನು ಹೂಂ, ಹೌದು ಅನ್ನುತ್ತಾ ಇದ್ದು, ಕಡೆಗೆ “ಲೈನು ಸರಿಯಿಲ್ಲ, ಅತ್ತೆಗೆ ಕೊಡ್ತೀನಿ” ಎಂದು ಕೊಟ್ಟುಬಿಟ್ಟೆ. ಅಜ್ಜನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನೀನು ತಿಳಿದಿದ್ದೀಯೆಂದು ಮಿಮೌ ಹೇಳುತ್ತಾಳೆ. ಸಿಟ್ಟಲ್ಲ ಮಗಳೇ. ದೇವರಾಣೆಗೂ ಸಿಟ್ಟಲ್ಲ.

ನಿನ್ನ ನೀಲಿ ಸುಬಾರು ಕಾರು ನೀನು ಬಿಟ್ಟುಹೋದ ಹಾಗೆಯೇ ಶೆಡ್ಡಿನಲ್ಲಿ ನಿಂತಿದೆ, ಬಾನೆಟ್ ತೆರೆದುಕೊಂಡು, ಎಂಜಿನ್ ಇದ್ದ ಜಾಗ ಹಲ್ಲು ಕಿತ್ತ ಬಾಯಿಯಂತೆ ಖಾಲಿ. ಇಲಿ ಸೇರದಿರಲೆಂದು ತೆರೆದ ಕೊಳವೆಗಳಿಗೆಲ್ಲ ಬಟ್ಟೆ ತುರುಕಿದ್ದೇನೆ. ಎಷ್ಟು ತುರುಕಿದೆ ಎಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿದ್ದೇನೆ: ಏಳು. ನಿನ್ನದೇ ನಿಯಮವಲ್ಲವೇ ಅದು? ಒಂದು ಚಿಂದಿ ಒಳಗೆ ಮರೆತರೂ ಟರ್ಬೊ ಅದನ್ನು ನುಂಗಿ ತಾನೂ ಸಾಯುತ್ತದೆ ಎನ್ನುತ್ತಿದ್ದೆ. ಕಾರಿನ ಬಣ್ಣ ಗೀರದಿರಲೆಂದು ನಾವಿಬ್ಬರೂ ಅಜ್ಜಿ ಕೈಯಾರೆ ಹೂ ಹೊಲಿದ ಹೊದಿಕೆಯನ್ನು ಎತ್ತಿತಂದು ಹಾಸಿದ್ದು ನೆನಪಿದೆಯಾ? ಅವಳು ಬಾಗಿಲಲ್ಲಿ ನಿಂತು, “ಅಯ್ಯೋ ಮುಂಡೇದೇ, ಕಾರಿಗೆ ಹೊದಿಸೋಕೆ ನನ್ನ ತಿವಾಯಿವಾಯಿನೇ ಬೇಕಿತ್ತಾ? ನಾನು ಸತ್ತಾಗ ನನ್ನ ಮೇಲೆ ಏನು ಹೊದಿಸ್ತೀರಿ, ಬಾನೆಟ್ಟಾ?” ಎಂದಿದ್ದಳು. ಆ ಎಣ್ಣೆ ಕಲೆ ಹೋಗಲೇ ಇಲ್ಲ. ಕಲೆಯ ಸಮೇತ ಅದನ್ನೇ ಹೊದಿಸಿ ಕಳಿಸಿದೆವು.

ನಾನು ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು, ಹಬೆಗೆ ಚಕ್ರ ತಿರುಗುವುದನ್ನು ನೋಡುತ್ತಲೇ ಮುದುಕನಾದವನು. ಹೊಗೆಗೆ ತಿರುಗುವ ನಿನ್ನ ಟರ್ಬೊದ ಪುಟ್ಟ ಚಕ್ರ ಅರ್ಥವಾಗಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಉಳಿದದ್ದೆಲ್ಲ ನೀನೇ ಕಲಿತದ್ದು. ಜಪಾನೀ ಅಕ್ಷರದ ಆ ದಪ್ಪ ಪುಸ್ತಕದಲ್ಲಿ ಅಕ್ಷರ ಬಿಟ್ಟು ಅಂಕಿ ಮಾತ್ರ ಓದಿ ಎಂಜಿನ್ ಬಿಚ್ಚಿದವಳು ಈ ಊರಿನಲ್ಲಿ ಇನ್ನೊಬ್ಬಳಿಲ್ಲ. ಕಾರು ಓಡಿಸಿ ಬಂದ ಕೂಡಲೇ ಎಂಜಿನ್ ಆರಿಸಬಾರದು, ಟರ್ಬೊ ಕೆಂಡದಂತಿರುತ್ತದೆ, ಎಣ್ಣೆ ಹರಿದು ತಣಿಯಬೇಕು ಎಂದು ನೀನು ನನ್ನನ್ನು ಅಂಗಳದಲ್ಲಿ ಎರಡು ನಿಮಿಷ ಕೂರಿಸುತ್ತಿದ್ದೆ. ನೀನು ನನಗೆ ಹೇಳಿದ್ದೆಲ್ಲ ಆ ಎರಡೆರಡು ನಿಮಿಷಗಳಲ್ಲೇ. ಪಾಲಿಟೆಕ್ನಿಕ್ ಬಿಟ್ಟದ್ದು, ಆ ಹುಡುಗ ಬಿಟ್ಟುಹೋದದ್ದು, ಒಂದು ದಿನ ನಿನ್ನದೇ ಕಾರ್ಯಾಗಾರ ತೆರೆಯಬೇಕೆಂದದ್ದು. ಆಗ ನೀನು ನನ್ನ ಮುಖ ನೋಡಿಕೊಂಡೇ ಮಾತಾಡುತ್ತಿದ್ದೆ.

ಹೋದ ವರ್ಷದ ಮಾರ್ಚಿನ ಆ ಶನಿವಾರದ ಕತೆ ನಿನಗೆ ಗೊತ್ತಿರುವುದೇ. ಆದರೂ ನನ್ನ ಸೀಟಿನಿಂದ ಅದು ಹೇಗಿತ್ತೆಂದು ಹೇಳಬೇಕು. ನೀನು ಚಿಕ್ಕಪ್ಪ ಎಂದು ಕರೆಯುವ, ನಮ್ಮ ಚರ್ಚಿನ ತಂಗಾತಾನ ಮಗ ತಾವಿತಾ ತನ್ನ ಬಿಳಿ ಸುಬಾರು ತಂದಿದ್ದ. ಮನೆಯವರದ್ದಲ್ಲದೆ ಬೇರೆಯವರದೆಂದು ನೀನು ಕೈಹಾಕಿದ ಮೊದಲನೇ ಕಾರು ಅದು. ದೊಡ್ಡ ಟರ್ಬೊ ಕೂರಿಸಿ ಆಗಿತ್ತು. ಉಳಿದದ್ದು ಕಿಡಿ ಹಾರುವ ಗಳಿಗೆಯನ್ನು ಹದಕ್ಕೆ ತರುವುದು. ತಾವಿತಾ ಓಡಿಸುತ್ತಿದ್ದ, ನೀನು ಹಿಂದೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನು ಮುಂದೆ, ಕಿವಿಗೆ ಗಿರಣಿಯ ಕಿವಿಮುಚ್ಚಿ. ಅದರೊಳಗೆ ರಬ್ಬರ್ ಕೊಳವೆ, ಕೊಳವೆಯ ಆ ತುದಿಗೆ ತಾಮ್ರದ ನಳಿಕೆ, ನಳಿಕೆಯ ತುದಿಯನ್ನು ಚಪ್ಪಟೆ ಬಡಿದು ಎಂಜಿನ್ನಿಗೇ ಬೋಲ್ಟು ಹಾಕಿದ್ದೆವು. ವೈದ್ಯರು ಎದೆಗೆ ಇಟ್ಟು ಕೇಳುವ ಹಾಗೆ. ಕಿಡಿ ಅತಿಯಾಗಿ ಬೇಗ ಬಂದರೆ ಎಂಜಿನ್ ನಾಕಿಂಗ್ ಹೊಡೆಯುತ್ತದೆ, ತಗಡಿನ ಡಬ್ಬಿಯಲ್ಲಿ ಮರಳು ಅಲ್ಲಾಡಿಸಿದಂತೆ ಸಣ್ಣಗೆ. ಅದು ಹೆಚ್ಚಾದರೆ ಪಿಸ್ಟನ್ನೇ ಮುರಿಯುತ್ತದೆ, ಕೇಳಿದೊಡನೆ ನಾನು ಕೈ ಕೆಳಗೆ ಮಾಡಬೇಕು. ಕೇಳದಿದ್ದರೆ ಹೆಬ್ಬೆರಳು ಎತ್ತಬೇಕು. ಗಿರಣಿಯಲ್ಲಿದ್ದಾಗ ಆ ಕಿವಿಮುಚ್ಚಿಯನ್ನು ನಾವು ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡವನಿಗೆ “ಏನಮ್ಮಾ, ತಲೆ ಬಾಚ್ಕೊಂಡ್ಯಾ?” ಎಂದು ಗೇಲಿ ಮಾಡುತ್ತಿದ್ದೆವು. ಅಷ್ಟು ವರ್ಷ ಮೊಳೆಗೆ ನೇತುಹಾಕಿದ್ದನ್ನು ಆ ಶನಿವಾರ ಕಿವಿಗೆ ಏರಿಸಿಕೊಂಡು ರಾಜನ ಹಾಗೆ ಕೂತಿದ್ದೆ.

ಊರಾಚೆಯ ಉದ್ದ ಏರಿನಲ್ಲಿ ಮೂರನೇ ಗೇರಿನಲ್ಲಿ ನಾಲ್ಕು ಸಲ ಹತ್ತಿದೆವು. ಪ್ರತಿ ಸಲ ನೀನು ನನ್ನ ಹೆಗಲು ತಟ್ಟುತ್ತಿದ್ದೆ, ನಾನು ಹೆಬ್ಬೆರಳು ಎತ್ತುತ್ತಿದ್ದೆ, ನೀನು ಕಿಡಿಯನ್ನು ಇನ್ನೊಂದು ಕೂದಲೆಳೆ ಮುಂದಕ್ಕೆ ತರುತ್ತಿದ್ದೆ. ನಾಲ್ಕನೆಯದಾದ ಮೇಲೆ ಗಾಡಿ ನಿಲ್ಲಿಸಲು ಹೇಳಿ, ಎರಡು ಸೀಟಿನ ನಡುವೆ ಮುಖ ತೂರಿಸಿ ನೀನು ಕೇಳಿದೆ: “ಅಜ್ಜಾ, ಇಲ್ಲೇನೋ ನಾಕಿಂಗ್ ಅಂತ ಕೆಂಪು ಚುಕ್ಕೆ ಬರ್ತಿದೆ. ನಿಂಗೇನಾದ್ರೂ ಕೇಳಿಸ್ತಾ?” ಊರವರಂತೆ ನನ್ನನ್ನು ಪಾಪಾ ಎನ್ನುವ ತಾವಿತಾ ನಕ್ಕ. “ಅದು ನಿನ್ನ ಡಬ್ಬಾ ಕಂಪ್ಯೂಟರ್ ಕಣೇ. ಪಾಪಾ ನೋರೋವಾ ಕಿವಿ ಮುಂದೆ ಅದ್ಯಾವ ಲೆಕ್ಕ!” ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಹೆಬ್ಬೆರಳು ಎತ್ತಿದೆ. “ಚೊಕ್ಕವಾಗಿದೆ, ಕೊಡು ಇನ್ನೂ” ಅಂದೆ. ಐದನೇ ಸಲ ಏರಿನ ಅರ್ಧದಲ್ಲಿ ಹಿಂದೆ ನೀಲಿ ಹೊಗೆ ಎದ್ದಿತು.

ಬಿಚ್ಚಿ ನೋಡಿದಾಗ ಮೂರನೇ ಪಿಸ್ಟನ್ನಿನ ಅಂಚು ಬಿಸ್ಕತ್ತಿನಂತೆ ಮುರಿದಿತ್ತು, ಸಿಲಿಂಡರಿನ ಗೋಡೆ ಪೂರ್ತಿ ಗೀರಿತ್ತು. “ನನ್ನ ಲೆಕ್ಕ ತಪ್ಪು” ಎಂದಷ್ಟೇ ಹೇಳಿದೆ ನೀನು. ಮೂರು ವಾರ ಶೆಡ್ಡಿನ ಬಾಗಿಲನ್ನೇ ತೆರೆಯಲಿಲ್ಲ. ಆಮೇಲೆ ಆರು ವರ್ಷ ಕೂತು ಕಟ್ಟಿದ ನಿನ್ನ ಎಂಜಿನ್ನನ್ನು ಚೈನಿಗೆ ಕಟ್ಟಿ ಎತ್ತಿ, ತಾವಿತಾನ ಕಾರಿಗೆ ಇಳಿಸಿಕೊಟ್ಟೆ. ಚೈನ್ ಎಳೆದವನು ನಾನೇ. ಮೇ ತಿಂಗಳಲ್ಲಿ ನೀನು ಒಂದೇ ಒಂದು ಸ್ಪ್ಯಾನರನ್ನೂ ತೆಗೆದುಕೊಳ್ಳದೆ ಆಸ್ಟ್ರೇಲಿಯಾ ವಿಮಾನ ಹತ್ತಿದೆ.

ನೀನು ಹೋದ ಮೇಲಿನ ಭಾನುವಾರ ಚರ್ಚಿನ ಹಾಲಿನಲ್ಲಿ ಚಹಾ ಕುಡಿಯುತ್ತಾ ತಂಗಾತಾ ಎಲ್ಲರೆದುರು ಅಂದ: “ಕಂಪ್ಯೂಟರ್ ಹಿಡ್ಕೊಂಡ್ರೆ ಮೆಕ್ಯಾನಿಕ್ ಆಗ್ಬಿಡ್ತಾರಾ? ಪಕ್ಕದಲ್ಲಿ ಪಾಪಾ ನೋರೋವಾ ಅಂಥೋರೇ ಕಿವಿ ಕೊಟ್ಟು ಕೂತಿದ್ರೂ ಸುಟ್ಟು ಹಾಕಿದ್ಲಲ್ಲ ಮಾರಾಯಾ!” ನಾನು ಚಹಾದಲ್ಲಿ ಸಕ್ಕರೆ ಕಲಕುತ್ತಿದ್ದೆ. ಸಕ್ಕರೆ ಯಾವಾಗಲೋ ಕರಗಿತ್ತು. ಆದರೂ ಕಲಕುತ್ತಲೇ ಇದ್ದೆ.

ರೋಟೊರುವಾದ ಒಂದು ಕಾರ್ಯಾಗಾರದ ಒಡತಿ ಈ ಏಪ್ರಿಲಿನಲ್ಲಿ, ಈಸ್ಟರಿಗೆ ಮುಂಚೆ, ನಿನ್ನನ್ನು ಹುಡುಕಿಕೊಂಡು ಮನೆವರೆಗೂ ಬಂದಿದ್ದಳು. ತಾವಿತಾನ ಕಾರಿನಲ್ಲಿ ಈಗಿರುವ ಎಂಜಿನ್ ನೋಡಿ, “ಇದನ್ನ ಕಟ್ಟಿದ ಕೈ ಯಾವುದು? ನನಗೆ ಬೇಕು” ಎಂದಳಂತೆ. ಅವಳ ಬಳಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ ಬಲ ಅಳೆಯುವ ಯಂತ್ರವಿದೆ, ಅದರ ಮುಂದೆ ನಿನಗೊಂದು ಕುರ್ಚಿ. ಮಿಮೌ ಅದನ್ನು ಕೂಡಲೇ ನಿನಗೆ ತಿಳಿಸಿದಳು, ನೀನು ಈಸ್ಟರಿನ ಮಾರನೇ ದಿನ ಅವಳಿಗೆ ಬರೆದೆ, “ಬೇಡ ಅತ್ತೆ, ನನ್ನ ಕೈ ಒಳ್ಳೆಯದಲ್ಲ” ಎಂದು. ಮಿಮೌ ಬೇಡಿಕೊಂಡದ್ದಕ್ಕೆ ಆ ಒಡತಿ ಎರಡು ತಿಂಗಳು ಕಾದಳು. ಹೋದ ವಾರ ಆ ಕುರ್ಚಿಗೆ ಬೇರೆ ಯಾರೋ ಬಂದು ಕೂತರು. ಇದನ್ನು ನಿನಗೆ ಹೇಗೆ ತಿಳಿಸುವುದೆಂದು ಮಿಮೌ ಒದ್ದಾಡುತ್ತಿದ್ದಳು, ನಾನು ಬರೆಯುತ್ತೇನೆ ಎಂದೆ. ಹೀಗೆ ಬರೆಯಲು ಕೂತದ್ದು. ಶೆಡ್ಡಿನಲ್ಲಿ ನಿನ್ನ ಉಪಕರಣಗಳಿಗೆ ತಿಂಗಳಿಗೊಮ್ಮೆ ಎಣ್ಣೆ ಸವರುತ್ತೇನೆ. ಯಾರಿಗಾಗಿ ಸವರುತ್ತಿದ್ದೇನೋ ಗೊತ್ತಿಲ್ಲ. ಆ ಮುರಿದ ಪಿಸ್ಟನ್ನನ್ನು ಕಿಟಕಿಯ ಮೇಲಿಟ್ಟಿದ್ದೇನೆ. ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಅದು ನನ್ನನ್ನು ನೋಡುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊ. ನನ್ನ ದೇವರಲ್ಲಿ ಇನ್ನೂ ಏನಾದರೂ ನನ್ನ ಪಾಲಿನದು ಉಳಿದಿದ್ದರೆ ಅದೆಲ್ಲ ನಿನಗಿರಲಿ. ಮಿಮೌ ಮುತ್ತು ಕಳಿಸಿದ್ದಾಳೆ.

ಊರಿಗೆಲ್ಲ ಪಾಪಾ, ನಿನಗೆ ಮಾತ್ರ ಅಜ್ಜ,
ನೋರೋವಾ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮಿಮೌ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಇದರೊಳಗೆ ಮಡಿಸಿಟ್ಟ ಇನ್ನೊಂದು ಕಾಗದವಿದೆ ನೋಡು. ಶುಕ್ರವಾರ ನನ್ನ ಕಿವಿ ಪರೀಕ್ಷೆ ಮಾಡಿಸಿದರು. ಅದರಲ್ಲಿನ ಗೆರೆ ಎಡಗಡೆ, ದಪ್ಪ ಸದ್ದುಗಳಿರುವಲ್ಲಿ, ಸರಿಯಾಗಿದೆ, ಬಲಗಡೆಯ ತೆಳ್ಳನೆ ಸದ್ದುಗಳ ಕಡೆಗೆ ಹೋಗುತ್ತಾ ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿದುಬಿಟ್ಟಿದೆ. ಗಂಡಸರ ದಪ್ಪ ದನಿ ಕೇಳುತ್ತದೆ, ಹಕ್ಕಿ ಕೇಳುವುದಿಲ್ಲ, ಡಬ್ಬಿಯಲ್ಲಿನ ಮರಳು ಕೇಳುವುದಿಲ್ಲ. ಹತ್ತು ವರ್ಷದಿಂದ ಹೀಗಿರಬೇಕು ಎಂದಳು ಪರೀಕ್ಷೆ ಮಾಡಿದ ಹುಡುಗಿ. ಅವಳು ಹೇಳಬೇಕಿರಲಿಲ್ಲ. ಆ ಶನಿವಾರಕ್ಕೂ ಹಿಂದಿನ ಚಳಿಗಾಲದಲ್ಲೇ ಹಕ್ಕಿ ಕೊಕ್ಕು ತೆರೆದು ಮುಚ್ಚುವುದು ನನಗೆ ಕಾಣುತ್ತಿತ್ತು, ಸದ್ದು ಇರಲಿಲ್ಲ. ಗೊತ್ತಿದ್ದೂ ಕಿವಿಮುಚ್ಚಿ ಏರಿಸಿಕೊಂಡು ಕೂತೆ, ಗೊತ್ತಿದ್ದೂ ಹೆಬ್ಬೆರಳು ಎತ್ತಿದೆ. ನಿನ್ನ ಲೆಕ್ಕ ಸರಿಯಾಗಿತ್ತು. ಕೆಂಪು ಚುಕ್ಕೆ ನಿಜ ಹೇಳುತ್ತಿತ್ತು. ಬರುವ ಭಾನುವಾರ ಚರ್ಚಿನ ಹಾಲಿನಲ್ಲಿ ಎದ್ದುನಿಂತು ಇದನ್ನು ಹೇಳುತ್ತೇನೆ. ಅದರಿಂದ ನಿನಗೆ ಆ ಕುರ್ಚಿ ವಾಪಸು ಬರುವುದಿಲ್ಲ, ಗೊತ್ತು.

ಇನ್ನೊಂದು. ಲೈನು ಚೆನ್ನಾಗಿಯೇ ಇತ್ತು. ಈಸ್ಟರಿನ ದಿನ ಫೋನು ತನ್ನ ಕೈಗೆ ಬಂದಾಗ ನೀನು “ಅಜ್ಜನೂ ಹೌದು ಅಂದ್ರು” ಎಂದಷ್ಟೇ ಹೇಳಿ ಇಟ್ಟುಬಿಟ್ಟೆಯೆಂದು ಮಿಮೌ ಇವತ್ತು ಹೇಳಿದಳು. ಮಾರನೇ ದಿನವೇ ನೀನು ಆ ಕುರ್ಚಿ ಬೇಡವೆಂದು ಬರೆದೆ. ನಿನ್ನ ಒಂದು ಮಾತೂ ನನಗೆ ಕೇಳಿಸಿರಲಿಲ್ಲ. ಏನು ಕೇಳಿದೆ ಮಗಳೇ, ನಾನು ಯಾವುದಕ್ಕೆ ಹೌದು ಅಂದೆ?