ಹಂಡೆಯ ಸದ್ದಿಗೆ ಬೆನ್ನು ಹಾಕಬೇಡಿ

ಪಡುಕೊಡಿಯ ಎತ್ತರಮನೆಯಿಂದ
ಆಷಾಢದ ಎಪ್ಪತ್ತನೆಯ ದಿನ, ನಿಮ್ಮ ಲೆಕ್ಕದ ಇಸವಿ 2219

ನಮಗಿಂತ ಮೊದಲು ಈ ಮರಳಿನ ಮೇಲೆ ನಡೆದವರಿಗೆ,

ಆಷಾಢಕ್ಕೆ ಎಪ್ಪತ್ತು ದಿನವೇ ಎಂದು ನಗಬೇಡಿ. ಮಳೆ ನಿಲ್ಲುವ ತನಕ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಸಿಟ್ಟೂ ಬರುತ್ತದೆ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನಾನು ಬಾಬಿ ಮರಕಾಲ್ತಿ. ಕುಂದಾಪುರದಿಂದ ಬಡಗಲಿಗೆ ಪಡುಕೊಡಿ ಎಂಬ ಊರಿತ್ತು, ನಮ್ಮ ಹಿರಿಯರು ಅಲ್ಲಿ ಬಲೆ ಬೀಸುತ್ತಿದ್ದರು. ಆ ಊರು ಈಗ ನೀರಿನಡಿ ಇದೆ. ಉಳಿದ ನಾವು ಗುಡ್ಡದ ಅಂಚಿನಲ್ಲಿ, ಕಾಂಕ್ರೀಟು ಕಂಬಗಳ ಮೇಲೆ ನಿಲ್ಲಿಸಿದ ಎತ್ತರಮನೆಯಲ್ಲಿದ್ದೇವೆ. ಒಂದೇ ಉದ್ದನೆಯ ಕೋಣೆ, ನಡುನಡುವೆ ಗೋಣಿತಾಟಿನ ಪರದೆ, ಒಂದೊಂದು ಪರದೆಯ ಹಿಂದೆ ಒಂದೊಂದು ಸಂಸಾರ. ಹೊರಗೆ ಮಗುಚು ಬೀಸುತ್ತಿದೆ. ನೀವು ಚಂಡಮಾರುತ ಅನ್ನುತ್ತಿದ್ದಿರಲ್ಲ, ಅದು ಬೆಳೆದು ದೊಡ್ಡದಾಗಿ ನಮ್ಮ ಕಾಲಕ್ಕೆ ಮಗುಚು ಆಗಿದೆ. ಕಡಲನ್ನೇ ಮಗುಚಿ ಹಾಕುತ್ತದೆ. ಮಧ್ಯಾಹ್ನದ ಹೊತ್ತು, ಆದರೂ ಬರೆಯಲು ಚಿಮಣಿ ಹಚ್ಚಿಕೊಂಡಿದ್ದೇನೆ. ನನಗೆ ಹೆದರಿಕೆಯಾಗುತ್ತಿದೆ. ಮಗುಚಿಗೆ ಅಂದುಕೊಳ್ಳಬೇಡಿ. ಅದು ನಿಲ್ಲುತ್ತಿದೆ, ಅದಕ್ಕೆ ಹೆದರಿಕೆ.

ಗಾಳಿ ನಿಂತ ಕೂಡಲೇ ತೆರವಿನ ಕೊಂಬು ಊದುತ್ತಾರೆ. ಅಂದರೆ ದಂಡೆ ತೆರೆಯಿತು, ಬನ್ನಿ ಅಂತ. ಮಗುಚು ಬಂದಾಗ ಮರಳು ಮೇಲೆ ಕೆಳಗಾಗಿ, ನಿಮ್ಮ ಕಾಲದಲ್ಲಿ ಹೂತದ್ದು ಮುಳುಗಿದ್ದೆಲ್ಲ ಮೇಲಕ್ಕೆ ಬರುತ್ತದೆ. ಬೀಗ, ಚಿಲಕ, ಸೈಕಲ್ ಚೈನು, ಕಾಲುಂಗುರ, ಕರಿಮಣಿಯ ತುದಿಯ ಬಂಗಾರದ ಗುಂಡು. ಈಗ ಹೊಸ ಲೋಹ ತೆಗೆಯುವ ಗಣಿಯಿಲ್ಲ, ಹಳೆಯ ಲೋಹಕ್ಕೇ ಬೆಲೆ. ನಾವು ಗುಂಯ್‌ಕೋಲು ಹಿಡಿದು ಹೋಗುತ್ತೇವೆ. ಉದ್ದ ಕೋಲು, ತುದಿಯಲ್ಲಿ ಅಕ್ಕಿ ಗೇರುವ ಮೊರದಷ್ಟು ಅಗಲದ ಬಳೆ. ಮರಳಿನೊಳಗೆ ಲೋಹವಿದ್ದರೆ ಗುಂಯ್ ಅನ್ನುತ್ತದೆ. ಸಣ್ಣದಕ್ಕೆ ಸೊಳ್ಳೆಯ ಸದ್ದು, ದೊಡ್ಡದಕ್ಕೆ ದುಂಬಿಯ ಸದ್ದು. ಸಿಕ್ಕಿದ್ದೆಲ್ಲ ದಂಡೆದಾರನಿಗೆ. ದಂಡೆಯನ್ನು ಗುತ್ತಿಗೆ ಹಿಡಿದವನು ಅವನು. ನಮಗೆ ಅವನು ಕೊಡುವುದು ಕುಡಿಯುವ ನೀರು. ಬಾವಿಯೆಲ್ಲ ಉಪ್ಪು, ಸಿಹಿನೀರಿನ ಟ್ಯಾಂಕು ಅವನ ಬೇಲಿಯೊಳಗಿದೆ. ಕೊಂಬು ಊದಿದಾಗ ದಂಡೆಗಿಳಿಯದ ಮನೆಗೆ ನೀರಿಲ್ಲ. ನಮ್ಮದೇ ಊರಿನ ಮರಳು, ನಮ್ಮದೇ ಸತ್ತವರ ಒಡವೆ, ನಮ್ಮದೇ ಬಾಯಾರಿಕೆ. ಇದಕ್ಕೆ ಅವನು ಉದ್ಯೋಗ ಅನ್ನುತ್ತಾನೆ.

ಇನ್ನು ನಮ್ಮ ಒಂದು ಕ್ರಮದ ಬಗ್ಗೆ ಹೇಳಬೇಕು. ಮೊದಲ ದೊಡ್ಡ ಮಗುಚು ಊರನ್ನೇ ಎಳೆದುಕೊಂಡು ಹೋದಾಗ ಬದುಕಿದವರು ಮರಳು ಕೆದಕಿ ತಮ್ಮವರನ್ನು ಹುಡುಕಿದರಂತೆ. ಒಡವೆ ಸಿಕ್ಕಿದ ಕಡೆ ಮೈಯೂ ಸಿಗುತ್ತಿತ್ತು. ಕೊಳೆತ ಬೆರಳಿನಿಂದ ಉಂಗುರ ಬಿಡಿಸುವುದನ್ನು ಹತ್ತು ಜನ ನೋಡಬಾರದೆಂದು ಉಳಿದವರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅಗೆಯುವವರು ವಸ್ತುವನ್ನು ಬಟ್ಟೆಯಲ್ಲಿ ಸುತ್ತಿ 'ಮುಗೀತ್' ಅಂದ ಮೇಲೆಯೇ ತಿರುಗುವುದು. ಅದು ಪ್ರೀತಿಯಿಂದ ಹುಟ್ಟಿದ ಕ್ರಮ, ಅದನ್ನು ನಾನು ಹಳಿಯಲಾರೆ. ಇವತ್ತಿಗೂ ಕೋಲು ಗುಂಯ್ ಅಂದರೆ ಅದರ ಒಡತಿ ಒಬ್ಬಳೇ ಬಗ್ಗುತ್ತಾಳೆ, ಉಳಿದವರೆಲ್ಲ ಮೂಡು ದಿಕ್ಕಿಗೆ ಮುಖ ಮಾಡುತ್ತೇವೆ.

ನಮ್ಮಲ್ಲಿ ಎಲ್ಲರಿಗೂ ಒಂದು ಆಸೆ, ಹಂಡೆ ಸಿಗಬೇಕು. ಹಿಂದೆ ಮನೆಮನೆಯ ಬಚ್ಚಲಲ್ಲಿ ನೀರು ಕಾಯಿಸಲು ತಾಮ್ರದ ಹಂಡೆ ಇತ್ತಂತೆ. ಒಂದು ಹಂಡೆ ಸಿಕ್ಕಿದರೆ ಆ ಮನೆಗೆ ಮಳೆಗಾಲ ಪೂರ್ತಿ ನೀರಿನ ಚಿಂತೆಯಿಲ್ಲ. ಹಾಗಾಗಿ ಕೋಲು ದುಂಬಿಯ ಹಾಗೆ ಆಳದಲ್ಲಿ ಗುಂಯ್‌ಗುಟ್ಟಿದರೆ ನಮ್ಮ ಬಾಯಿಗೆ ಬರುವುದು ಒಂದೇ ಮಾತು, ಹಂಡೆ.

ಹೋದ ಮಗುಚಿನ ತೆರವಿನಲ್ಲಿ ಕಲ್ಯಾಣಕ್ಕನ ಕೋಲು ಹಾಗೆ ಗುಂಯ್‌ಗುಟ್ಟಿತು. ಕಲ್ಯಾಣಕ್ಕ ನಮ್ಮ ಪರದೆಯ ಆಚೆಯವಳು, ಬೆಳಿಗ್ಗೆ ಎದ್ದರೆ ಮೊದಲು ಕೇಳುವುದು ಅವಳ ನಗೆ. "ಹಂಡಿ ಸಿಕ್ತ್ ಕಾಣಿ!" ಎಂದು ಕೂಗಿದಳು. ನಾವು ಬೆನ್ನು ತಿರುಗಿಸಿದೆವು. "ಕಲ್ಯಾಣಕ್ಕ, ಒಬ್ಳೇ ಮೀಬೇಡ, ನಮ್ಗೂ ಒಂದ್ ತಂಬ್ಗಿ ನೀರ್ ಬಿಡ್" ಎಂದು ಯಾರೋ ಕೀಟಲೆ ಮಾಡಿದರು. "ನಿನ್ ಬೆನ್ನಿನ್ ಮಣ್ಣ್ ಹೋಯ್ಕಾರೆ ಒಂದ್ ಹಂಡಿ ಸಾಕಾತ್ತಾ ಹೆಣ್ಣೇ?" ಎಂದಳು ಅವಳು, ಅಗೆಯುತ್ತಲೇ. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಮುಚ್ಚಳ ಕಿತ್ತ ಸದ್ದು. ಆಮೇಲೆ ಹಲಸಿನ ಹಣ್ಣು ಕೊಳೆತಂಥ ಸಿಹಿ ವಾಸನೆ. ಆಮೇಲೆ ಏನೂ ಇಲ್ಲ. ನಾವು ಕಾಯುತ್ತಾ ನಿಂತೆವು. ಅವಳಿನ್ನೂ ಮುಗೀತ್ ಅಂದಿರಲಿಲ್ಲವಲ್ಲ. ತೆರೆ ಏರಿ ಬಂದು ಹಿಮ್ಮಡಿ ತೋಯಿಸಿತು, ಆಗಲೂ ನಾವು ಮೂಡು ನೋಡುತ್ತಲೇ ಇದ್ದೆವು. ಕೊನೆಗೆ ತಿರುಗಿದಾಗ ಕಲ್ಯಾಣಕ್ಕ ಗುಂಡಿಯೊಳಗೆ ಮುಖವಿಟ್ಟು ಬಿದ್ದಿದ್ದಳು. ಕೈಗಳು ಮೊಣಕೈ ತನಕ ಕಪ್ಪಾಗಿದ್ದವು. ತಿರುಗಿ ನೋಡುವವರು ಒಬ್ಬರಿದ್ದಿದ್ದರೆ, ಅವಳು ಕುಸಿದ ಕೂಡಲೇ ಎಳೆದು ಹಾಕುತ್ತಿದ್ದರು.

ಅದು ಹಂಡೆಯಾಗಿರಲಿಲ್ಲ. ವಿಷ ತುಂಬಿದ ಕಬ್ಬಿಣದ ಡ್ರಮ್ಮು. ಎಲ್ಲಿಂದ ಬಂತೆಂದು ನಮಗೆ ಗೊತ್ತು, ಏಕೆಂದರೆ ಅದರ ಕಥೆ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ನಮ್ಮ ತನಕ ಬಂದಿದೆ. ನಿಮ್ಮ ಕಾಲದಲ್ಲಿ ಕಡಲ್ಕೊರೆತಕ್ಕೆ ಕಲ್ಲಿನ ಗೋಡೆ ಕಟ್ಟುತ್ತಿದ್ದಿರಿ. ಪಡುಕೊಡಿಯ ಗೋಡೆಗೆ ಕಲ್ಲು ತರುವ ಲಾರಿಯಲ್ಲಿ ಒಂದಷ್ಟು ದಿನ ಡ್ರಮ್ಮುಗಳೂ ಬಂದವಂತೆ. ಮೊದಲು ಡ್ರಮ್ಮು ಇಳಿಸುವುದು, ಮೇಲೆ ಕಲ್ಲು ಹೇರುವುದು. ಊರಿಗೆಲ್ಲ ಗೊತ್ತಿತ್ತು. ಹಗಲಿನಲ್ಲೇ ನಡೆಯಿತು. ಕೆಲವರಿಗೆ ಕಲ್ಲು ಇಳಿಸುವ ಕೂಲಿ ಸಿಕ್ಕಿತ್ತು, ಕೆಲವರಿಗೆ ಗುತ್ತಿಗೆದಾರನ ಹೆದರಿಕೆ ಇತ್ತು, ಉಳಿದವರಿಗೆ ನಮಗ್ಯಾಕೆ ಅನ್ನುವ ದೊಡ್ಡ ಜಾಣತನ ಇತ್ತು. ಲಾರಿ ಬಂದರೆ ಕಡಲ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ. ಗೋಡೆ ಕಡಲಿಗೆ ಹೋಯಿತು. ಡ್ರಮ್ಮು ಮರಳಿಗೆ ಹೋಯಿತು.

ಕಲ್ಯಾಣಕ್ಕನನ್ನು ಸುಟ್ಟು ಬಂದ ಮರುದಿನ ನಾವು ಹೆಂಗಸರೆಲ್ಲ ದಂಡೆದಾರನ ಬೇಲಿಯ ಮುಂದೆ ಕೂತೆವು. ಡ್ರಮ್ಮು ತೆಗೆಸಿ, ಅಗೆಯುವವಳ ಸೊಂಟಕ್ಕೆ ಹಗ್ಗ ಕೊಡಿ, ಹಗ್ಗ ಹಿಡಿದು ನೋಡುತ್ತಾ ನಿಲ್ಲಲು ಇನ್ನೊಬ್ಬಳಿಗೆ ಅಪ್ಪಣೆ ಕೊಡಿ ಎಂದು ಕೇಳಿದೆವು. ದಂಡೆದಾರ ಮುಖ ತೋರಿಸಲಿಲ್ಲ. ಅವನ ಮೇಸ್ತ್ರಿ ಶೀನ ಬಂದ. ನಮ್ಮವನೇ, ನಮ್ಮ ಎತ್ತರಮನೆಯಲ್ಲೇ ಹುಟ್ಟಿದವನು. "ಬೆನ್ನ್ ಹಾಕುದ್ ನಿಮ್ಮದೇ ಕ್ರಮ ಅಲ್ದಾ ಅಕ್ಕ? ಅದ್ಕೆ ನಾವ್ ಕೈ ಹಾಕುಕಾತ್ತಾ?" ಎಂದ. ನೋಡಿದಿರಾ ಜಾಣತನ! ನಮ್ಮ ನೀರಿಗೆ ಕೈ ಹಾಕುತ್ತಾರೆ, ನಮ್ಮ ಸತ್ತವರ ಕೊರಳಿಗೆ ಕೈ ಹಾಕುತ್ತಾರೆ, ನಮ್ಮ ಕ್ರಮಕ್ಕೆ ಮಾತ್ರ ಭಾರಿ ಮರ್ಯಾದೆ. ಯಾರೂ ನೋಡದಿದ್ದರೆ ಯಾರೂ ಸಾಕ್ಷಿಯಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದೇ ಸಂಜೆ ಡ್ರಮ್ಮಿನ ಮೇಲೆ ಮರಳು ಎಳೆಸಿದರು. ಗುರುತಿಗೆ ನಾವು ಒಂದು ಮರದ ಗೂಟ ನೆಟ್ಟೆವು.

ಈಗ ನಿಲ್ಲುತ್ತಿರುವ ಈ ಮಗುಚು ಆ ಗೂಟವನ್ನು ಕಿತ್ತುಕೊಂಡು ಹೋಗಿದೆ. ಡ್ರಮ್ಮು ಎಲ್ಲಿದೆಯೋ ಗೊತ್ತಿಲ್ಲ. ಒಂದೇ ಇದೆಯೋ, ಇನ್ನೆಷ್ಟು ಮೇಲೆ ಬಂದಿವೆಯೋ ಗೊತ್ತಿಲ್ಲ. ಕಲ್ಯಾಣಕ್ಕನ ಪಾಲಿನ ದಂಡೆಗೆ ಇವತ್ತು ಯಾರು ಇಳಿಯಬೇಕೆಂದು ಶೀನ ಬೆಳಿಗ್ಗೆ ಬಂದು ಹೇಳಿ ಹೋದ. ನನ್ನ ಮಗಳು ಚಂದು.

ನಾನು ಹೋಗುತ್ತೇನೆ ಅಂದೆ. ನನ್ನ ಮಂಡಿ ಮಡಚುವುದಿಲ್ಲ, ಅಗೆಯಲಾಗದವಳು ಬೇಡ ಅಂದ. ಚಂದುವಿಗೆ ಇಪ್ಪತ್ತೆರಡು. ಈಗ ನನ್ನೆದುರು ಕೂತು ಕೋಲಿನ ಬಳೆಗೆ ಬಟ್ಟೆ ಸುತ್ತುತ್ತಿದ್ದಾಳೆ. ನನ್ನನ್ನು ನೋಡಿ, "ಅಬ್ಬೀ, ನೀ ಹೀಂಗ್ ಮೋರಿ ಮಾಡ್ಕಂಡ್ ದಂಡಿಗ್ ಬಂದ್ರೆ ಹಂಡಿನೇ ಹೆದ್ರಿ ಒಳ್ಗ್ ಹೋತ್" ಎಂದಳು. ನಗಲು ಹೋದೆ, ಆಗಲಿಲ್ಲ. ಅವಳೂ ನಗು ನಿಲ್ಲಿಸಿದಳು. "ನಾ ಬಗ್ಗ್ದಾಗ ನೀ ಕಾಂತ್ಯಾ?" ಎಂದು ಕೇಳಿದಳು. ಕಾಂತೆ, ಕಣ್ಣು ತೆಗೆಯದೆ ನೋಡುತ್ತೇನೆ ಅಂದೆ. ಎದ್ದು ಪರದೆ ಪರದೆಗೆ ಹೋಗಿ ಎಲ್ಲರನ್ನೂ ಅದನ್ನೇ ಕೇಳಿದಳು.

ಆಗ ಸುಬ್ಬಯ್ಯಜ್ಜ ರೇಗಿದರು. ನಮ್ಮಲ್ಲಿ ಹಿರಿಯರು, ಸತ್ತವರಿಗೆ ಎಡೆ ಇಡುವವರು. "ಸತ್ತವರ್ ಮೈಮೇಲಿನ್ ವಸ್ತು ಕಣ್ ಬಿಟ್ಕಂಡ್ ಕಾಂಬುದಾ? ಹಿರಿಯರ್ ಮಾಡಿದ್ ಕ್ರಮ ಇದ್. ಮರ್ಯಾದಿ ಇಲ್ಯಾ?" ಎಂದರು. ಮೂಲೆಯಿಂದ ಕಲ್ಯಾಣಕ್ಕನ ಅತ್ತೆ ಎದ್ದು ಬಂದಳು. ಸೊಸೆ ಹೋದ ಮೇಲೆ ಆ ಮುದುಕಿ ಬಾಯಿಯೇ ಬಿಟ್ಟಿರಲಿಲ್ಲ. "ಗುಂಡಿಗ್ ತಲಿ ಹಾಕುದ್ ನಾವ್, ಕ್ರಮ ಹೇಳುದ್ ನೀವಾ? ನನ್ ಸೊಸಿಗ್ ನಿಮ್ ಮರ್ಯಾದಿ ಉಸ್ರ್ ಕೊಟ್ಟಿತಾ?" ಎಂದಳು. ಅಜ್ಜ ತಲೆ ತಗ್ಗಿಸಿದರು. ಕಾಂತೇವೆ ಎಂದವರು ಕೆಲವರು. ಉಳಿದವರು ಪರದೆ ಎಳೆದುಕೊಂಡರು. ಅವರನ್ನು ಬಯ್ಯಲು ನನಗೆ ಬಾಯಿ ಬರುತ್ತಿಲ್ಲ. ಕ್ರಮ ಮುರಿದವರ ಮನೆಗೆ ನೀರು ನಿಲ್ಲಿಸುತ್ತೇನೆಂದು ಶೀನ ಹೆದರಿಸಿ ಹೋಗಿದ್ದಾನೆ, ಪರದೆಯ ಹಿಂದೆ ಕೂಸುಗಳಿವೆ.

ಈಗ ನಿಮ್ಮ ಸರದಿ. ಈ ಕಾಗದವನ್ನು ಹಿತ್ತಾಳೆಯ ಡಬ್ಬಿಯೊಳಗಿಟ್ಟು, ನಿಮ್ಮ ವಸ್ತುಗಳು ಮೇಲೆ ಬರುವ ಜಾಗದಲ್ಲೇ ಹೂಳುತ್ತೇನೆ. ನಿಮ್ಮ ಬೀಗ, ನಿಮ್ಮ ಉಂಗುರ, ನಿಮ್ಮ ವಿಷ ನಮ್ಮ ತನಕ ಬರಲು ಮರಳಿನಲ್ಲಿ ದಾರಿಯಿದೆ ಅಂದಮೇಲೆ ನನ್ನ ಒಂದು ಕಾಗದ ನಿಮ್ಮ ತನಕ ಬರಲು ದಾರಿ ಇರಲಾರದೇ? ಹುಚ್ಚು ಅನ್ನಿ. ಹೆದರಿದವಳು ಇಷ್ಟಾದರೂ ಮಾಡುತ್ತಾಳೆ.

ನಿಮ್ಮನ್ನು ಹಿರಿಯರೆಂದು ಕರೆದು ಎಡೆ ಇಡುತ್ತೇವೆ. ಎಡೆಯಲ್ಲಿ ಸಿಹಿನೀರು ಇಡುತ್ತೇವೆ, ನಮ್ಮ ಪಾಲಿನದನ್ನು ಉಳಿಸಿ. ಅದರ ಋಣಕ್ಕಾದರೂ ಕೇಳಿ. ಬೆನ್ನು ಹಾಕುವ ಕ್ರಮ ನಮ್ಮಿಂದ ಶುರುವಾಯಿತೆಂದು ನಾವು ತಿಳಿದಿದ್ದೆವು. ಸುಳ್ಳು. ನಮ್ಮವರು ಬೆನ್ನು ತಿರುಗಿಸಿದ್ದು ಸತ್ತವರ ಮಾನಕ್ಕೆ. ಅದಕ್ಕೂ ಮೊದಲು, ಹಾಡುಹಗಲಲ್ಲಿ, ಕಣ್ಣೆದುರಿನ ಲಾರಿಗೆ ಬೆನ್ನು ಹಾಕಿದವರು ನೀವು. ನಿಮ್ಮ ಕಡಲ ಬದಿಯಲ್ಲಿ ಯಾರಾದರೂ ಏನನ್ನಾದರೂ ಹೂಳುತ್ತಿದ್ದರೆ ಕಿಟಕಿ ತೆರೆಯಿರಿ. ಹೊರಗೆ ಬನ್ನಿ. ಲಾರಿಗೆ ಅಡ್ಡ ನಿಲ್ಲಿ, ಕೂಗಿ, ಊರು ಕೂಡಿಸಿ. ಹೂತಾಗಿದ್ದರೆ ಅಗೆದು ತೆಗೆಸಿ. ನಿಮ್ಮ ಹತ್ತಿರ ಇನ್ನೂ ಗೋಡೆಯಿದೆ, ಗುರುತಿದೆ, ಕುಡಿಯುವ ನೀರಿದೆ. ನೀವು ಒಮ್ಮೆ ತಿರುಗಿದರೆ ನನ್ನ ಮಗಳ ಕೋಲಿನಡಿ ಇವತ್ತು ಬರಿಯ ಮರಳಿರುತ್ತದೆ. ಬರಿಯ ಮರಳು ಸಾಕು ನಮಗೆ. ಹಂಡೆ ಬೇಡ.

ಕೊಂಬು ಊದಿತು.

ಚಂದು ಮೆಟ್ಟಿಲಿಳಿಯುತ್ತಿದ್ದಾಳೆ. ಎಲ್ಲಿಂದಲೋ ಒಂದು ಬಲೆಯ ಹಗ್ಗ ಹುಡುಕಿ ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಿದ್ದಾಳೆ. ಎಡಗೈಯಲ್ಲಿ ಹಗ್ಗ ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ. ಕಲ್ಯಾಣಕ್ಕನ ಅತ್ತೆಯೂ ಹಗ್ಗಕ್ಕೆ ಕೈ ಹಾಕಿದ್ದಾಳೆ. ನಮ್ಮ ಹಿಂದೆ ಯಾರು ಯಾರು ಬರುತ್ತಿದ್ದಾರೋ, ತಿರುಗಿ ಎಣಿಸಲು ಧೈರ್ಯವಿಲ್ಲ. ಹಗ್ಗ ಎಳೆಯುತ್ತಿದೆ. ಹೋಗುತ್ತೇನೆ. ನಾನು ಪಡುವಿಗೆ, ಅವಳ ಕಡೆಗೇ, ಮುಖ ಮಾಡಿ ನಿಲ್ಲುತ್ತೇನೆ, ಕಣ್ಣು ಮುಚ್ಚುವುದಿಲ್ಲ.

ನೀವೂ ಮುಚ್ಚಬೇಡಿ.

ಬಾಬಿ ಮರಕಾಲ್ತಿ