ಹೆಸರಿಟ್ಟವರ ಮೊಕದ್ದಮೆ

ಲಾಬೋನೆ, ಆಕ್ರಾ
ನವೆಂಬರ್ ೧೭, ಸೋಮವಾರ

ನನ್ನ ಮುದ್ದು ಅಡೋಮಾ,

ಹೇಗಿದ್ದೀಯ? ಲಂಡನ್ನಿನಲ್ಲಿ ಆಗಲೇ ಚಳಿ ಕಚ್ಚುತ್ತಿರಬೇಕು. ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಅದು ಪೂರ್ತಿ ಹೋಯಿತೇ? ಶುಂಠಿ ಕುದಿಸಿ ಕುಡಿ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುವುದು ನನ್ನ ಹಕ್ಕು. ಇಲ್ಲಿ ಎಲ್ಲ ಕ್ಷೇಮ. ನಿನ್ನ ಅಪ್ಪ ಮಂಡಿನೋವೆಂದು ವಾರವಿಡೀ ನರಳಿ, ಶನಿವಾರ ಅವರ ಸ್ನೇಹಿತನ ಮಗಳ ಮದುವೆಯಲ್ಲಿ ಮೂವತ್ತರ ಹುಡುಗನ ಹಾಗೆ ಕುಣಿದು ಬಂದರು. ಇವತ್ತು ಮತ್ತೆ ನರಳುತ್ತಿದ್ದಾರೆ. ನನ್ನ ರಕ್ತದೊತ್ತಡ ಡಾಕ್ಟರಿಗೆ ಸಮಾಧಾನ ತರುವಷ್ಟು ಇಳಿದಿದೆ. ಇಳಿಯದೆ ಏನು ಮಾಡೀತು, ಮೊಕದ್ದಮೆ ಗೆದ್ದಿದ್ದೇನೆ.

ಹೌದು, ಇನ್ನು ಆ ಮಾತು ಆಡಬಹುದು. ಎದುರಿನ ಬಟ್ಟೆ ಕಂಪನಿಯವರು ಮೇಲ್ಮನವಿಗೆ ಹೋಗುವುದಿಲ್ಲ ಎಂದು ಶುಕ್ರವಾರ ಬರೆದು ಕೊಟ್ಟರು. ಎರಡು ವರ್ಷ ನಾವಿಬ್ಬರೂ ಹವಾಮಾನ, ಚಿಕ್ಕಮ್ಮನ ಸಕ್ಕರೆ ಕಾಯಿಲೆ, ಪಕ್ಕದ ಮನೆಯವರ ನಾಯಿ ಇವನ್ನೇ ತಿರುಗಿಸಿ ಮುರುಗಿಸಿ ಮಾತಾಡಿದೆವಲ್ಲ, ನನಗಂತೂ ಸಾಕಾಗಿ ಹೋಗಿತ್ತು. ನೀನು ಕೆಲಸ ಮಾಡುತ್ತಿದ್ದ ವಕೀಲರ ಸಂಸ್ಥೆಯೇ ನನ್ನ ಎದುರು ಪಕ್ಷದ ಪರ ನಿಂತಿತ್ತು. ತಾಯಿ ಮಗಳು ಬಾಯಿ ಹೊಲಿದುಕೊಳ್ಳಲೇಬೇಕಿತ್ತು. ಈಗ ಹೊಲಿಗೆ ಬಿಚ್ಚಿದೆ, ಮೊದಲಿನಿಂದ ಹೇಳುತ್ತೇನೆ ಕೇಳು.

ಅಯೋರ್ಕೊರ್ ಮೊದಲ ಸಲ ನನ್ನ ಕಚೇರಿಗೆ ಬಂದಾಗ ಜೊತೆಗೆ ತಾನು ಮುಖ್ಯಸ್ಥೆಯಾಗಿದ್ದ ಮಕೋಲಾ ಮಾರುಕಟ್ಟೆಯ ಬಟ್ಟೆ ವ್ಯಾಪಾರಿಗಳ ಇಡೀ ಸಂಘವನ್ನೇ ಕರೆತಂದಿದ್ದಳು. ಕೂರಲು ಕುರ್ಚಿ ಸಾಲಲಿಲ್ಲ. ಅವಳ ದೇಹ, ದನಿ, ಕಿವಿಯೋಲೆ ಎಲ್ಲವೂ ದೊಡ್ಡವು. ಸಮುದ್ರದಾಚೆಯ ಕಂಪನಿ ಅಚ್ಚಿನ ಬಟ್ಟೆ ಕಳಿಸುತ್ತದೆ, ಬರುವಾಗ ಅದಕ್ಕೆ ಇರುವುದು ಒಂದು ಸಂಖ್ಯೆ ಮಾತ್ರ. ಹೆಸರಿಡುವವರು ಈ ಹೆಂಗಸರು. ಅವಳ ತಾಯಿ ಒಂದು ಬಟ್ಟೆಗೆ ‘ಅತ್ತೆ ಬಾಗಿಲಲ್ಲಿದ್ದಾಳೆ’ ಎಂದು ಹೆಸರಿಟ್ಟಿದ್ದಳು. ಆಮೇಲೆ ಹೊಸ ಸೊಸೆಯಂದಿರೆಲ್ಲ ಅದನ್ನೇ ಕೇಳಿಕೊಂಡು ಬಂದರು. ಹೆಸರಿದ್ದರೆ ಬಟ್ಟೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಬಿದ್ದಿರುತ್ತದೆ. ಕಂಪನಿ ಸದ್ದಿಲ್ಲದೆ ಆ ಹೆಸರುಗಳನ್ನೆಲ್ಲ ಇಲ್ಲೇ ಆಕ್ರಾದಲ್ಲಿ ತನ್ನ ಟ್ರೇಡ್‌ಮಾರ್ಕ್ ಮುದ್ರೆಗಳೆಂದು ನೋಂದಾಯಿಸಿಕೊಂಡಿತ್ತು. ಆಮೇಲೆ ಬೇರೊಬ್ಬ ದೊಡ್ಡ ವ್ಯಾಪಾರಿಗೆ ಏಜೆನ್ಸಿ ಕೊಟ್ಟು, ಈ ಹೆಂಗಸರಿಗೆ ಆ ಹೆಸರುಗಳನ್ನು ಬಾಯಲ್ಲಿ ಹೇಳಿ ಮಾರುವುದೂ ತಪ್ಪೆಂದು ನೋಟಿಸು ಕಳಿಸಿತ್ತು. ‘ನಮ್ಮವ್ವ ಇಟ್ಟ ಹೆಸ್ರು ಲಾಯರಮ್ಮ. ನಂಗೂ ನನ್ ಹೆಸ್ರು ಅವಳೇ ಇಟ್ಟಿದ್ದು. ನಾಳೆ ಅದ್ನೂ ಬರಕೊಂಡ್ ಹೋಗ್ತಾರಾ?’ ಎಂದಳು ಅಯೋರ್ಕೊರ್.

ಆ ಸಂಜೆಯೇ ಎದುರು ಪಕ್ಷದ ವಕೀಲರು ಯಾರೆಂದು ಗೊತ್ತಾಯಿತು, ನಿನಗೆ ಫೋನು ಮಾಡಿದೆ. ನೀನು, ‘ಅಮ್ಮಾ, ನಾನು ಬೇಡ ಅಂದ್ರೆ ಬಿಡ್ತೀಯಾ?’ ಎಂದು ಕೇಳಿದೆ. ಬಿಡುವುದಿಲ್ಲ ಎಂದೆ. ‘ಹಾಗಿದ್ರೆ ಯಾಕ್ ಕೇಳ್ತೀಯ, ಗೆಲ್ಲು ಹೋಗು’ ಎಂದು ನೀನು ಫೋನು ಇಟ್ಟುಬಿಟ್ಟೆ. ಮುಂದಿನ ವಾರ, ನಿನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರೆ, ಚಿಂತೆ ಬೇಡ ಎಂದು ಎರಡು ಸಾಲಿನ ಸಂದೇಶ ಬಂತು. ಅಯೋರ್ಕೊರ್‌ಗೂ ಅವಳ ಸಂಘದವರಿಗೂ ನ್ಯಾಯಾಲಯಕ್ಕೂ ಎದುರು ಸಂಸ್ಥೆಯಲ್ಲಿ ನನ್ನ ಮಗಳಿದ್ದಾಳೆಂಬುದನ್ನು ಮೊದಲೇ ತಿಳಿಸಿದೆ. ಅಯೋರ್ಕೊರ್ ನಕ್ಕು, ‘ಒಳ್ಳೇದೇ ಆಯ್ತು ಬಿಡಿ, ಅವ್ರಿಗೂ ಬುದ್ಧಿ ಇರೋ ವಕೀಲರು ಬೇಕಲ್ಲ’ ಎಂದಳು.

ಬಿಡಲು ಯಾಕೆ ಮನಸ್ಸಾಗಲಿಲ್ಲವೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಹಿರಿಯ ವಕೀಲ ಬಾರ್ನ್ಸ್-ಅಮಿಸ್ಸಾ ಅವರ ಚೀಲ ಹೊತ್ತು ನಾನು ವೃತ್ತಿ ಶುರುಮಾಡಿದವಳು. ಹಡಗಿನ ಹೊಟ್ಟೆಯಲ್ಲಿ ಬೂಷ್ಟು ಹಿಡಿದ ಕೋಕೋ, ಅರ್ಧಕ್ಕೆ ನಿಂತ ವಿದ್ಯುತ್ ಸ್ಥಾವರ, ಒಪ್ಪಂದ ಮುರಿದ ಗಣಿ ಕಂಪನಿ ಎಲ್ಲವನ್ನೂ ನಡೆಸಿದೆ. ಲಂಡನ್, ಪ್ಯಾರಿಸ್, ಜಿನೀವಾ ಎಲ್ಲ ಕಡೆ ಹೋಗಿ ವಾದಿಸಿದೆ, ಗೆದ್ದದ್ದೇ ಹೆಚ್ಚು. ಆದರೆ ನಮ್ಮ ಮಣ್ಣಿನ ಜಗಳಕ್ಕೆ ನಾವು ಯಾವಾಗಲೂ ಇನ್ನೊಬ್ಬರ ಊರಿಗೆ ಕೋಟು ಹಾಕಿಕೊಂಡು ಹೋಗಬೇಕು. ಪ್ಯಾರಿಸ್ಸಿನಲ್ಲೊಮ್ಮೆ ಬಾಗಿಲ ಬಳಿಯವನು ನನ್ನನ್ನು ಅನುವಾದಕಿ ಎಂದು ತಿಳಿದು ಹಿಂದಿನ ಸಾಲು ತೋರಿಸಿದ್ದ. ನಾನು ಮುಂದೆ ಹೋಗಿ ಕೂತೆ. ಈ ಸಲ ಅವರೇ ಇಲ್ಲಿಗೆ ಬರಲಿ ಎಂದು ನನ್ನ ಹಟ.

ಅವರು ಬಂದರು. ನಿನ್ನ ಸಂಸ್ಥೆಯ ಹಿರಿಯ ವಕೀಲ ಹಾರ್ಕೋರ್ಟ್ ಲಂಡನ್ನಿನಿಂದ ಬಂದು, ನಮ್ಮೂರಿನ ವಕೀಲರ ಬೆನ್ನ ಹಿಂದೆ ಕೂತು ಚೀಟಿ ದಾಟಿಸುತ್ತಿದ್ದರು. ಮಾರಾಟ ಒಪ್ಪಂದದಲ್ಲಿ ತಕರಾರುಗಳೆಲ್ಲ ಕಂಪನಿಯ ದೇಶದಲ್ಲೇ ತೀರಬೇಕೆಂದು ಬರೆದಿದೆ, ಆದ್ದರಿಂದ ಈ ದಾವೆ ಇಲ್ಲಿ ನಿಲ್ಲದು ಎಂಬುದು ಅವರ ಮೊದಲ ವಾದ. ನಾನು ಎದ್ದು ಹೇಳಿದ್ದು ಇಷ್ಟೆ: ಒಪ್ಪಂದ ಇರುವುದು ಬಟ್ಟೆಯ ಬಗ್ಗೆ, ನಮ್ಮ ತಕರಾರು ಹೆಸರಿನ ಬಗ್ಗೆ. ಹೆಸರಿನ ಸುದ್ದಿ ಆ ಒಪ್ಪಂದದಲ್ಲಿ ಒಂದು ಪದವೂ ಇಲ್ಲ. ಹೆಸರು ಹುಟ್ಟಿದ್ದು ಮಕೋಲಾದಲ್ಲಿ, ಅದನ್ನು ತೆಗೆದುಕೊಂಡದ್ದು ಆಕ್ರಾದ ನೋಂದಣಿ ಕಚೇರಿಯಲ್ಲಿ. ನ್ಯಾಯಾಧೀಶರು ಒಪ್ಪಿದರು. ಹೊರಗೆ ಬಂದಾಗ ಹೆಂಗಸರು ಕೂಗಿದ ಕೂಗಿಗೆ ಪಕ್ಕದ ಕೋರ್ಟಿನ ಪೊಲೀಸರು ಓಡಿ ಬಂದರು.

ಇನ್ನು ಆ ಪಾಟೀಸವಾಲು. ಅಯ್ಯೋ, ನೀನು ಇರಬೇಕಿತ್ತು! ಕಂಪನಿಯ ನಿರ್ದೇಶಕ ಸಾಕ್ಷಿಕಟ್ಟೆಗೆ ಬಂದ. ಬಿಳಿ ಗಡ್ಡದ ಸಭ್ಯ ಮನುಷ್ಯ, ಪ್ರಶ್ನೆ ಕೇಳುವ ಮೊದಲೇ ಥ್ಯಾಂಕ್ಸ್ ಹೇಳುವಂಥವನು. ಹೆಸರುಗಳೆಲ್ಲ ನಮ್ಮ ಮಾರಾಟ ವಿಭಾಗದ ಸೃಷ್ಟಿ ಎಂದು ಪ್ರಮಾಣ ಮಾಡಿ ಹೇಳಿದ್ದ. ನಾನು ಆ ಬಟ್ಟೆಯನ್ನು ಬಿಡಿಸಿ ಅವನ ಮುಂದೆ ಹರಡಿಸಿದೆ. ಎರಡು ಕಡೆ ದಪ್ಪ ಗೆರೆ, ಮೇಲೆ ಒಂದು ಅಡ್ಡಗೆರೆ, ನಡುವೆ ದುರುಗುಟ್ಟುವ ಎರಡು ಕಪ್ಪು ಬೊಟ್ಟು. ‘ಅತ್ತೆ ಎಲ್ಲಿದ್ದಾಳೆ, ತೋರಿಸಿ’ ಎಂದೆ. ಅವನು ಬಟ್ಟೆ ನೋಡಿದ, ಹಾರ್ಕೋರ್ಟರನ್ನು ನೋಡಿದ, ಮತ್ತೆ ಬಟ್ಟೆ ನೋಡಿದ. ‘ಅವಸರವಿಲ್ಲ. ಬಾಗಿಲಾದರೂ ತೋರಿಸಿ’ ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ‘ಕ್ಷಮಿಸಿ, ನಾನು ಇದನ್ನು ಕಿಟಕಿ ಅಂದುಕೊಂಡಿದ್ದೆ’ ಎಂದುಬಿಟ್ಟ! ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಹಿಂದಿನ ಸಾಲಿನಿಂದ ಅಯೋರ್ಕೊರ್ ಎದ್ದೇ ನಿಂತಳು. ‘ಕಿಟಕಿಯಂತೆ! ಅತ್ತೆ ಕಿಟಕೀಲಿ ಹತ್ತಿ ಬರ್ತಾಳೇನಯ್ಯಾ? ಕಳ್ಳಿನಾ ಅವ್ಳು?’ ಇಡೀ ಕೋರ್ಟು ಬಿದ್ದು ಬಿದ್ದು ನಕ್ಕಿತು. ನ್ಯಾಯಾಧೀಶರು ಮಾತ್ರ ನಗಲಿಲ್ಲ, ಇನ್ನೊಂದು ಮಾತಾಡಿದರೆ ಹೊರಗೆ ಹಾಕಿಸುತ್ತೇನೆಂದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ನನಗೆ ಒಳಗೊಳಗೇ ಸಿಟ್ಟು, ಗೆಲ್ಲುತ್ತಿರುವ ಮೊಕದ್ದಮೆಯನ್ನು ಕಕ್ಷಿದಾರಳೇ ಕೆಡಿಸುವುದುಂಟೇ? ಊಟದ ಹೊತ್ತಿಗೆ ಬೈದೆ. ಅವಳು ನನ್ನ ಕೈಗೆ ಮೆಕ್ಕೆಜೋಳದ ಕೆಂಕಿ ಮುದ್ದೆ, ಹುರಿದ ಮೀನು ಇಟ್ಟು, ‘ಬೈಯಿರಿ, ಬೈಯಿರಿ, ತಿಂದ್ಕೊಂಡ್ ಬೈಯಿರಿ’ ಎಂದಳು.

ಅದೇ ಸಂಜೆ ಹಾರ್ಕೋರ್ಟ್ ನನ್ನನ್ನು ಅವರ ಹೋಟೆಲಿಗೆ ಚಹಾಕ್ಕೆ ಕರೆದರು. ಸಜ್ಜನ ಮನುಷ್ಯ, ಸುತ್ತಿ ಬಳಸದೆ ರಾಜಿಯ ಮಾತು ಮುಂದಿಟ್ಟರು. ಏಜೆನ್ಸಿಯನ್ನು ಅಯೋರ್ಕೊರ್ ಒಬ್ಬಳಿಗೇ ಕೊಡುತ್ತಾರೆ, ಅವಳ ಮಕ್ಕಳ ಕಾಲಕ್ಕೂ. ಸಂಘ ದಾವೆ ಬಿಡಬೇಕು, ಹೆಸರುಗಳು ಕಂಪನಿಯಲ್ಲೇ ಉಳಿಯಬೇಕು. ನಾನು ಇಂಥ ರಾಜಿಗಳನ್ನು ಎಷ್ಟೋ ನೋಡಿದ್ದೇನೆ, ಸಂಘದ ತಲೆಯನ್ನು ಎತ್ತಿಕೊಂಡರೆ ಮುಂಡ ತಾನೇ ಬೀಳುತ್ತದೆ. ಆದರೆ ಅದನ್ನು ಕಕ್ಷಿದಾರರಿಗೆ ಹೇಳದೆ ಮುಚ್ಚಿಡುವ ಹಾಗಿಲ್ಲ. ಮರುದಿನ ಮಾರುಕಟ್ಟೆಗೆ ಹೋಗಿ, ಎಲ್ಲರ ಎದುರಿಗೇ ಒಂದು ಪದ ಬಿಡದೆ ಹೇಳಿದೆ. ಅಯೋರ್ಕೊರಳ ಕಡೆಗೆ ಯಾರೂ ನೋಡಲಿಲ್ಲ. ಅಡೋಮಾ, ಅವಳಿಗೆ ಆಸೆಯಾಯಿತು. ಅದು ನನಗೆ ಕಾಣಿಸಿತು. ಕಿವಿಯೋಲೆ ತಿರುವುತ್ತಾ ಕೂತಿದ್ದಳು. ಅವಳ ಜೊತೆಗೇ ವ್ಯಾಪಾರ ಕಲಿತ ಲಮ್ಲಿ ಎಂಬುವಳು ಕೊನೆಗೆ, ‘ತಗೋ ಅಯೋರ್ಕೊರ್, ನಾವೇನ್ ಬೇಜಾರ್ ಮಾಡ್ಕೊಳಲ್ಲ’ ಎಂದಳು. ಅಯೋರ್ಕೊರ್ ತಟ್ಟನೆ ಅವಳ ಕಡೆ ತಿರುಗಿದಳು. ‘ಸುಳ್ಳಿ! ಸಾಯೋವರ್ಗೂ ಮಾತು ಬಿಡ್ತೀಯ, ನನ್ ಹೆಣದ ಹತ್ರ ಬಂದೂ ಕೊಂಕು ಆಡ್ತೀಯ. ನಿನ್ ಕೊಂಕು ಕೇಳ್ದೆ ನಾನ್ ವ್ಯಾಪಾರ ಹೆಂಗೆ ಮಾಡ್ಲಿ?’ ನನ್ನ ಕಡೆ ನೋಡಿ, ‘ಬೇಡ ಅಂತ ಬರೀರಿ ಲಾಯರಮ್ಮ, ಬೇಗ ಬರೀರಿ, ಆಮೇಲೆ ನನ್ ಮನಸ್ ಬದ್ಲಾದೀತು’ ಎಂದಳು. ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕಾಗದ ಇಟ್ಟು ಬರೆದೆ.

ತೀರ್ಪು ಪೂರ್ತಿ ನಮ್ಮ ಕಡೆಗೆ. ನೋಂದಣಿ ರದ್ದು, ಹೆಸರುಗಳು ಸಂಘದವು, ಅವರನ್ನು ಕೇಳದೆ ಯಾರೂ ಬಳಸುವಂತಿಲ್ಲ. ಹಾರ್ಕೋರ್ಟ್ ಬಂದು ಕೈ ಕುಲುಕಿದರು. ಮಕೋಲಾದಲ್ಲಿ ಆ ದಿನ ಮಧ್ಯಾಹ್ನದ ಮೇಲೆ ವ್ಯಾಪಾರವೇ ನಡೆಯಲಿಲ್ಲ. ನನ್ನನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಅಂಗಡಿ ಸಾಲಿನುದ್ದಕ್ಕೂ ನಡೆಸಿದರು. ಆ ಬಟ್ಟೆಗೆ ಅವರಿಟ್ಟ ಹೆಸರು ‘ಲಾಯರಮ್ಮ ಎದ್ದು ನಿಂತಳು’. ನಿನ್ನ ಅಪ್ಪ, ‘ಮನೇಲಿ ಯಾವಾಗ ಕೂತಿದ್ಲು?’ ಎಂದು ಕೇಳಿದರಂತೆ. ಕೇಳಲಿ, ಆ ಬಟ್ಟೆಯಲ್ಲೇ ಅಂಗಿ ಹೊಲಿಸಿಕೊಂಡಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕುತ್ತಿಗೆ ಮುಚ್ಚಿಕೊಂಡು ಓಡಾಡು. ಆ ದೇವರು ನಿನ್ನ ಬೆನ್ನಿಗಿರಲಿ, ನಿನ್ನ ಬಾಯಿಗೆ ಬೇಕಾದಾಗ ಬೇಕಾದ ಮಾತು ಕೊಡಲಿ. ಅಪ್ಪನ ಮುತ್ತುಗಳು.

ನಿನ್ನ ಅಮ್ಮ,
ಎವುರಾಸಿ

ಮರೆತೆ ಎಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಚಹಾದ ದಿನ, ಏಳುವ ಮುಂಚೆ ಹಾರ್ಕೋರ್ಟ್ ಇನ್ನೊಂದು ಮಾತು ಹೇಳಿದರು. ‘ನಿಮ್ಮ ಮಗಳು ರಾಜೀನಾಮೆ ಕೊಟ್ಟದ್ದು ನಮಗೆ ದೊಡ್ಡ ನಷ್ಟ.’ ನಿನ್ನನ್ನು ಬೇರೆ ವಿಭಾಗಕ್ಕೆ ಹಾಕಿರಲಿಲ್ಲ. ಅಮ್ಮನ ಎದುರು ನಿಂತ ಸಂಸ್ಥೆಯಲ್ಲಿ ಇರಲಾರೆ ಎಂದು ನೀನೇ ಬಿಟ್ಟೆಯಂತೆ, ಅದೂ ನಾನು ಫೋನು ಮಾಡಿದ ವಾರವೇ. ನನಗೆ ಗೊತ್ತಾದರೆ ಮೊಕದ್ದಮೆ ಬಿಟ್ಟೇನೆಂದು ಹೆದರಿದೆಯಾ? ಬಿಡುತ್ತಿರಲಿಲ್ಲ ಕಣೇ, ಆದರೆ ಅಳುತ್ತಿದ್ದೆ. ಆ ದಿನ ಕಾರಿನಲ್ಲಿ ಕೂತು ಅತ್ತೆ. ಈಗ ಒಂದು ಚಿಕ್ಕ ಕಚೇರಿಯಲ್ಲಿ ಅನುವಾದದ ಕೆಲಸ ಮಾಡುತ್ತಿದ್ದೀಯೆಂದು ನಿನ್ನ ಅಪ್ಪನ ಬಾಯಿ ಬಿಡಿಸಿದ್ದೇನೆ, ಅವರನ್ನು ಬೈಯಬೇಡ. ಟೆಮಾ ಬಂದರಿನಲ್ಲಿ ಹಿಡಿದಿಟ್ಟ ಒಂದು ಹಡಗಿನ ಮೊಕದ್ದಮೆ ಬಂದಿದೆ, ಎದುರಿಗೆ ಸಿಂಗಾಪುರದವರು. ನಿನ್ನ ಹಳೆಯ ಸಂಸ್ಥೆಗೂ ಅದಕ್ಕೂ ಸಂಬಂಧವಿಲ್ಲ, ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ. ವಾದ ಶುರು ಜನವರಿಯಲ್ಲಿ. ಮೊದಲು ಎದ್ದು ನಿಲ್ಲುವವಳು ನೀನು, ಪಕ್ಕದಲ್ಲಿ ಕೂರುವವಳು ನಾನು. ಒಪ್ಪಿದರೆ ವಿಮಾನದ ದಿನ ತಿಳಿಸು, ಒಪ್ಪದಿದ್ದರೂ ಮನೆಗೆ ಬಾ. ಅಂಚೆಯವನು ಬಾಗಿಲಲ್ಲಿದ್ದಾನೆ, ಲಕೋಟೆ ಮುಚ್ಚುತ್ತೇನೆ.